ಎಂಟು ಮುಗಿಸಿ ಹಾಸ್ಟೆಲ್ ಶಾಲೆಗೆ: ಟಿಸಿ ಕೊನೆಗೆ ಕೇಳಿ

ಹತ್ತನೇ ತರಗತಿಗೆ ಶಾಲೆ ಬದಲಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಹೊಸ ಮೇಷ್ಟ್ರು, ಹೊಸ ಊಟ, ಹೊಸ ಹಾಸಿಗೆ ಎಲ್ಲವನ್ನೂ ಮಗುವಿನ ತಲೆಗೆ ಕಟ್ಟಬಾರದು. ಕಳಿಸುವುದಾದರೆ ಎಂಟು ಮುಗಿದ ಬೇಸಿಗೆಯಲ್ಲೇ ಕಳಿಸಿ.

ಮೊದಲು ಸೀಟು. ನವೋದಯದಲ್ಲಿ ಒಂಬತ್ತಕ್ಕೆ ನೇರ ಪ್ರವೇಶ ಪರೀಕ್ಷೆ ಇದೆ. ದಾವಣಗೆರೆ ಜಿಲ್ಲೆಯದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ, ಚಿತ್ರದುರ್ಗದ್ದು ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿದೆ. ಮಗು ಅದೇ ಜಿಲ್ಲೆಯಲ್ಲಿ ಎಂಟನೇ ತರಗತಿ ಓದುತ್ತಿರಬೇಕು. ಪರೀಕ್ಷೆ ಒಟ್ಟು 100 ಅಂಕದ್ದು: ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಹಿಂದಿಯನ್ನು ಕಡೆಗಣಿಸಿದ ಜಾಣ ಮಕ್ಕಳು ಅಲ್ಲೇ ಜಾರುತ್ತಾರೆ. ಖಾಲಿಯಾದ ಸೀಟುಗಳಿಗಷ್ಟೇ ಈ ಪರೀಕ್ಷೆ, ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ ಮಕ್ಕಳನ್ನು ಸೇರಿಸಿಕೊಳ್ಳುವುದು ಆರನೇ ತರಗತಿಗೆ. ಮೇಲಿನ ತರಗತಿಯಲ್ಲಿ ಜಾಗ ತೆರವಾಗಿದೆಯೇ ಎಂದು ಪ್ರಾಂಶುಪಾಲರನ್ನೇ ಕಂಡು ಕೇಳಿ. ಸಿರಿಗೆರೆಯಂಥ ಮಠದ ವಿದ್ಯಾಸಂಸ್ಥೆಗಳಲ್ಲೂ ವಿಚಾರಿಸಿ.

ಸೇರಿಸುವ ಮುನ್ನ ಪ್ರಥಮ ಭಾಷೆ ಯಾವುದು, ಮಾಧ್ಯಮ ಯಾವುದು ನೋಡಿಕೊಳ್ಳಿ. ‘ದ್ಯುತಿಸಂಶ್ಲೇಷಣೆ’ ಎಂದು ಓದಿದ ಮಗುವಿಗೆ ಜೂನ್‌ನಲ್ಲಿ ‘ಫೋಟೊಸಿಂಥೆಸಿಸ್’ ಎಂದರೆ ಗೊತ್ತಿದ್ದದ್ದೂ ಗೊತ್ತಿಲ್ಲದಂತಾಗುತ್ತದೆ. ಬೇಸಿಗೆ ರಜೆಯಲ್ಲಿ ಎಂಟನೇ ತರಗತಿಯ ವಿಜ್ಞಾನ ಪುಸ್ತಕವನ್ನೇ ಇಂಗ್ಲಿಷಿನಲ್ಲಿ ಒಮ್ಮೆ ಓದಿಸಿದರೆ ಅರ್ಧ ಭಯ ಇಳಿಯುತ್ತದೆ.

ಸೀಟು ಖಚಿತವಾದ ಪತ್ರ ಕೈಗೆ ಬಂದಮೇಲೆಯೇ ಹಳೇ ಶಾಲೆಯಲ್ಲಿ ಟಿಸಿ ಕೇಳಿ. ಅವಸರಪಟ್ಟು ಟಿಸಿ ತಂದು, ಅತ್ತ ಸೀಟೂ ಸಿಗದೆ ಇತ್ತ ಶಾಲೆಯೂ ಇಲ್ಲದೆ ಜೂನ್ ಪೂರ್ತಿ ಮನೆಯಲ್ಲಿ ಕೂತ ಹುಡುಗಿಯನ್ನು ನಾನು ಕಂಡಿದ್ದೇನೆ. ಟಿಸಿಯಲ್ಲಿ ಹೆಸರು, ಜನ್ಮದಿನಾಂಕ ಆಧಾರ್‌ಗೆ ಹೊಂದುತ್ತವೆಯೇ, ಶಾಲಾ ದಾಖಲೆಯಲ್ಲಿ ಮಗುವಿನ ಗುರುತಿಗೆ ಕೊಟ್ಟ ಎಸ್‌ಎಟಿಎಸ್ ಸಂಖ್ಯೆ ಸರಿ ಇದೆಯೇ ಎಂದು ಅಲ್ಲೇ ನಿಂತು ಓದಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಿಡಿ.

ಇನ್ನು ಟ್ರಂಕು. ಬಟ್ಟೆಯ ಮೇಲೆಲ್ಲ ದಾರದಲ್ಲಿ ಹೆಸರು ಹೊಲಿಯಿರಿ. ಶಾಯಿ ನಾಲ್ಕು ಒಗೆತಕ್ಕೆ ಹೋಗುತ್ತದೆ. ಬೀಗಕ್ಕೆ ಎರಡು ಕೀ ಇರಲಿ, ಒಂದು ನಿಮ್ಮ ಬಳಿ. ಬಕೆಟ್, ಚೊಂಬು, ಕೊಬ್ಬರಿ ಎಣ್ಣೆ. ಬಟ್ಟೆ ಒಗೆಯುವುದು, ಜಡೆ ಹೆಣೆದುಕೊಳ್ಳುವುದನ್ನು ಮನೆಯಲ್ಲೇ ರೂಢಿ ಮಾಡಿಸಿ.

ಆರರಿಂದಲೇ ಒಟ್ಟಿಗಿರುವ ಮಕ್ಕಳ ನಡುವೆ ನಿಮ್ಮ ಮಗು ಹೊಸಬ. ಆಟದಲ್ಲಿ, ಊಟದ ಸಾಲಿನಲ್ಲಿ ಅವರವರ ಜೊತೆ ಆಗಲೇ ಗಟ್ಟಿಯಾಗಿರುತ್ತದೆ. ಮೊದಲ ತಿಂಗಳು ಫೋನಿನಲ್ಲಿ ಅಳು ಕೇಳಿಸಿದರೆ ಬೈಯಬೇಡಿ, ಓಡಿಹೋಗಿ ಕರೆತರಲೂ ಬೇಡಿ. ಆದರೆ ಹೊಡೆತ, ಬೆದರಿಕೆಯ ಮಾತು ಬಂದರೆ ಅದೇ ದಿನ ಬಸ್ಸು ಹತ್ತಿ ವಾರ್ಡನ್ ಎದುರು ಕೂತು ಮಾತಾಡಿ. ಭೇಟಿಯ ಭಾನುವಾರ ಖಾರ ಮಂಡಕ್ಕಿ ಒಯ್ಯುವಾಗ ಒಬ್ಬನಿಗಾಗುವಷ್ಟಲ್ಲ, ಕೋಣೆಯವರಿಗೆಲ್ಲ ಆಗುವಷ್ಟು ಕಟ್ಟಿಕೊಳ್ಳಿ.