ಸತ್ತ ಕಾರ್ಡು ಮರಳಿ ಬರಬೇಕೇ? ಗ್ರೇವ್‌ಯಾರ್ಡ್ ಡೆಕ್ ಕಟ್ಟುವುದು ಹೀಗೆ

ಇಂದಿರಾನಗರ, ಕೋರಮಂಗಲದ ಕಡೆ ವಾರಾಂತ್ಯದಲ್ಲಿ ಮ್ಯಾಜಿಕ್: ದ ಗ್ಯಾದರಿಂಗ್ ಅನ್ನುವ ಕಾರ್ಡಿನ ಆಟ ಆಡಲು ಸೇರುವವರ ಗ್ರೇವ್‌ಯಾರ್ಡ್ (ಸತ್ತ, ಬಳಸಿದ ಕಾರ್ಡು ಬೀಳುವ ರಾಶಿ) ಡೆಕ್‌ಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಎಂಟು ಮಾನಾದ (ಮಾನಾ ಅಂದರೆ ಕಾರ್ಡು ಆಡಲು ಕೊಡುವ ಬೆಲೆ) ದೈತ್ಯ ಕ್ರೀಚರ್‌ಗಳು, ಅಂದರೆ ಕಾದಾಡುವ ಜೀವಿ ಕಾರ್ಡುಗಳು, ಹದಿನೈದು, ಅವನ್ನು ಎಬ್ಬಿಸುವ ಕಾರ್ಡು ಹತ್ತು. ಅವು ಗ್ರೇವ್‌ಯಾರ್ಡ್ ಸೇರುವ ದಾರಿ ಮಾತ್ರ ಎರಡೋ ಮೂರೋ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗೆ. ಆರನೇ ಟರ್ನ್ ಬಂದರೂ ಕೈತುಂಬ ದೊಡ್ಡ ಕಾರ್ಡು ಹಿಡಿದು ಸುಮ್ನೆ ಕೂತಿರುತ್ತಾರೆ. ನೋಡೋಕೆ ಬೇಜಾರಾಗುತ್ತದೆ.

ಮೊದಲು ಕಮಾಂಡರ್ ಆರಿಸಿ, ಅಂದರೆ 100 ಕಾರ್ಡಿನ ಕಮಾಂಡರ್ ಬಗೆಯ ಆಟದಲ್ಲಿ ಡೆಕ್‌ನ ನಾಯಕ ಕಾರ್ಡು. ಹೊಸಬರಿಗೆ 2015ರಲ್ಲಿ ಬಂದ ಮೆರೆನ್ ಆಫ್ ಕ್ಲಾನ್ ನೆಲ್ ಟಾಥ್ ಸಾಕು, ಬೇರೆ ಹುಡುಕಬೇಡಿ. ನಿಮ್ಮ ಬೇರೆ ಕ್ರೀಚರ್ ಸತ್ತಾಗಲೆಲ್ಲ ಮೆರೆನ್ ನಿಮಗೊಂದು ಕೌಂಟರ್ (ಎಣಿಕೆಯ ಗುರುತು) ಕೊಡುತ್ತದೆ, ನಿಮ್ಮ ಟರ್ನಿನ ಕೊನೆಗೆ ಗ್ರೇವ್‌ಯಾರ್ಡ್‌ನ ಒಂದು ಕ್ರೀಚರನ್ನು ಮರಳಿ ತರುತ್ತದೆ. 2018ರ ಮುಲ್ಡ್ರೋಥಾ ಕೂಡ ಒಳ್ಳೆಯದೇ. ಆದರೆ ಮೂರು ಬಣ್ಣದ ಲ್ಯಾಂಡ್ (ಮಾನಾ ಕೊಡುವ ಕಾರ್ಡು) ಹೊಂದಿಸುವಷ್ಟರಲ್ಲಿ ಜೇಬು ಖಾಲಿಯಾಗುತ್ತದೆ. ಮೆರೆನ್‌ಗೆ ಕಪ್ಪು, ಹಸಿರು ಎರಡೇ.

100 ಕಾರ್ಡಿನಲ್ಲಿ 37 ಲ್ಯಾಂಡ್ ಇಡಿ. ಇದರಲ್ಲಿ ಚೌಕಾಸಿ ಬೇಡ.

ಮುಂದಿನದು ಗ್ರೇವ್‌ಯಾರ್ಡ್ ತುಂಬಿಸುವ ಕಾರ್ಡುಗಳು. ಕನಿಷ್ಠ ಹನ್ನೆರಡು ಇರಲಿ. ಸ್ಟಿಚರ್ಸ್ ಸಪ್ಲೈಯರ್ ಒಂದೇ ಮಾನಾದ ಕಾರ್ಡು. ಬಂದಾಗ ಮೂರು ಕಾರ್ಡು ಮಿಲ್ ಮಾಡುತ್ತದೆ (ಕಟ್ಟಿನ ಮೇಲಿನಿಂದ ನೇರ ಗ್ರೇವ್‌ಯಾರ್ಡ್‌ಗೆ ಹಾಕುತ್ತದೆ), ಸತ್ತಾಗ ಇನ್ನೂ ಮೂರು. ಸೇಟರ್ ವೇಫೈಂಡರ್ ಮೇಲಿನ ನಾಲ್ಕು ಕಾರ್ಡು ತೋರಿಸಿ, ಅದರಲ್ಲೊಂದು ಲ್ಯಾಂಡ್ ಇದ್ದರೆ ಕೈಗೆ ಕೊಡುತ್ತದೆ, ಉಳಿದದ್ದು ಗ್ರೇವ್‌ಯಾರ್ಡ್‌ಗೆ. ಬರೀಡ್ ಅಲೈವ್ ಇದ್ದರೆ ಲೈಬ್ರರಿಯಿಂದ (ಕಾರ್ಡು ಎಳೆಯುವ ಕಟ್ಟಿನಿಂದ) ಬೇಕಾದ ಮೂರು ಕ್ರೀಚರ್ ಆರಿಸಿ ನೇರ ಹೂಳಬಹುದು. ಎಂಟೂಮ್ ಇನ್ನೂ ಚುರುಕು, ಆದರೆ ಅಂಗಡಿ ಬೆಲೆ ಜಾಸ್ತಿ. ಮೊದಲ ಡೆಕ್‌ಗೆ ಅಷ್ಟು ಸುರಿಯಬೇಡಿ.

ಸ್ಯಾಕ್ರಿಫೈಸ್ (ನಿಮ್ಮದೇ ಕ್ರೀಚರನ್ನು ಬಲಿಕೊಡುವುದು, ಚಿಕ್ಕದಾಗಿ ಸ್ಯಾಕ್) ಮಾಡಿಸುವ ಕಾರ್ಡು ಏಳೆಂಟು ಬೇಕು. ವಿಸೆರಾ ಸೀರ್ ಇರಲೇಬೇಕು. ಅದು ಮಾನಾ ಕೇಳುವುದಿಲ್ಲ, ಎಷ್ಟು ಸಲ ಬೇಕಾದರೂ ಸ್ಯಾಕ್ ಮಾಡಬಹುದು. ಒಂದೊಂದು ಸಲಕ್ಕೂ ಮಾನಾ ಕೇಳುವ ಕಾರ್ಡುಗಳನ್ನು ನಾನಂತೂ ಸೇರಿಸುವುದಿಲ್ಲ.

ಇನ್ನು ಎಲ್ಲರೂ ಎಡವುವ ಜಾಗ: ಯಾವುದನ್ನು ಮರಳಿ ತರಬೇಕು?

ಇಲ್ಲಿ ಕಾರ್ಡಿನ ಚಿತ್ರ ನೋಡಬೇಡಿ, ಬರಹ ಓದಿ. ಕೆಲವು ಕಾರ್ಡುಗಳ ಲಾಭ ಸಿಗುವುದು ಅವನ್ನು ಕ್ಯಾಸ್ಟ್ ಮಾಡಿದಾಗ, ಅಂದರೆ ಮಾನಾ ಕೊಟ್ಟು ಆಡಿದಾಗ. ಕೆಲವದ್ದು ಟೇಬಲ್‌ಗೆ ಬಂದ ಕೂಡಲೇ ಸಿಗುತ್ತದೆ. ಮೆರೆನ್ ಎಬ್ಬಿಸಿ ಟೇಬಲ್‌ಗೆ ತಂದ ಕ್ರೀಚರ್ ಕ್ಯಾಸ್ಟ್ ಆಗಿರುವುದಿಲ್ಲ, ಹಾಗಾಗಿ ಮೊದಲ ಬಗೆಯದ್ದು ನಿಮಗೆ ಬೇಡ. ಕೊಝಿಲೆಕ್, ಬುಚರ್ ಆಫ್ ಟ್ರೂತ್ ನೋಡಿ. ನಾಲ್ಕು ಕಾರ್ಡು ಎಳೆಯುವ ಲಾಭ ಕ್ಯಾಸ್ಟ್ ಮಾಡಿದಾಗ ಮಾತ್ರ. ಅದೂ ಸಾಲದು ಅಂತ ಅದು ಗ್ರೇವ್‌ಯಾರ್ಡ್‌ಗೆ ಬಿದ್ದರೆ ಇಡೀ ಗ್ರೇವ್‌ಯಾರ್ಡನ್ನೇ ಲೈಬ್ರರಿಗೆ ಕಲಸಿಬಿಡುತ್ತದೆ. ಅಷ್ಟು ಹೊತ್ತು ತುಂಬಿಸಿದ್ದೆಲ್ಲ ಹೋಯಿತು. ಈ ಕಾರ್ಡನ್ನು ಮೆರೆನ್ ಡೆಕ್‌ನಲ್ಲಿ ಇಟ್ಟವರನ್ನು ನೋಡಿದ್ದೇನೆ, ದಯವಿಟ್ಟು ತೆಗೆಯಿರಿ. ಎಕ್ಸ್ ಮಾನಾದ (ಕೊಟ್ಟ ಮಾನಾದಷ್ಟು ದೊಡ್ಡದಾಗುವ) ಹೈಡ್ರಾಗಳೂ ಬೇಡ. ಗ್ರೇವ್‌ಯಾರ್ಡ್‌ನಿಂದ ಬರುವಾಗ ಎಕ್ಸ್ ಅಂದರೆ ಸೊನ್ನೆ. ಬಹುಪಾಲು ಹೈಡ್ರಾಗಳು ಬಂದ ತಕ್ಷಣ ಸಾಯುತ್ತವೆ.

ಹಾಗಾದರೆ ಏನಿಡಬೇಕು? ಶ್ರೀಕ್‌ಮಾ ಇಡಿ. ಇದರ ಪೂರ್ತಿ ಬೆಲೆ ಐದು ಮಾನಾ. ಇವೋಕ್ ಮಾಡಿದರೆ ಎರಡೇ. ಎರಡು ಮಾನಾ ಕೊಟ್ಟು ಕ್ಯಾಸ್ಟ್ ಮಾಡಿ. ಬಂದ ಕೂಡಲೇ ಕಪ್ಪೂ ಅಲ್ಲದ, ಆರ್ಟಿಫ್ಯಾಕ್ಟೂ ಅಲ್ಲದ ಒಂದು ಕ್ರೀಚರನ್ನು ಕೊಲ್ಲುತ್ತದೆ, ಆಮೇಲೆ ತಾನೇ ಸ್ಯಾಕ್ ಆಗುತ್ತದೆ. ನಿಮ್ಮ ಕ್ರೀಚರ್ ಸತ್ತಿತಲ್ಲ, ಮೆರೆನ್ ಟೇಬಲ್ ಮೇಲಿದ್ದರೆ ನಿಮಗೊಂದು ಎಕ್ಸ್‌ಪೀರಿಯನ್ಸ್ ಕೌಂಟರ್. ಟರ್ನ್ ಮುಗಿಯುವ ಎಂಡ್ ಸ್ಟೆಪ್‌ನಲ್ಲಿ ಶ್ರೀಕ್‌ಮಾ ಆರಿಸಿ. ಅದರ ಪೂರ್ತಿ ಬೆಲೆಯಷ್ಟು, ಅಂದರೆ ಐದು, ಕೌಂಟರ್ ಇಲ್ಲದಿದ್ದರೆ ಅದು ಕೈಗೆ ಬರುತ್ತದೆ, ಮುಂದಿನ ಟರ್ನ್ ಮತ್ತೆ ಎರಡು ಮಾನಾ, ಮತ್ತೊಂದು ಹೆಣ. ಐದು ಆದ ಮೇಲೆ ನೇರ ಟೇಬಲ್‌ಗೇ ಇಳಿಯುತ್ತದೆ. ಮೆರೆನ್ ಸತ್ತರೂ ಕೌಂಟರ್ ಹೋಗುವುದಿಲ್ಲ, ಅದು ಆಟಗಾರನದ್ದು.

ಸಮಯದ ವಿಷಯ ಒಂದಿದೆ. ಮರಳಿ ತರುವ ಕಾರ್ಡು ಎಂಡ್ ಸ್ಟೆಪ್ ಶುರುವಾಗುವ ಮೊದಲೇ ಗ್ರೇವ್‌ಯಾರ್ಡ್‌ನಲ್ಲಿರಬೇಕು. ಆಮೇಲೆ ಸ್ಯಾಕ್ ಮಾಡಿ "ಇದನ್ನೇ ತರ್ತೀನಿ" ಅಂದರೆ ನಡೆಯುವುದಿಲ್ಲ. ಆದರೆ ಕೌಂಟರ್ ಎಣಿಸುವುದು ಕೊನೆಗೆ, ಅಂದರೆ ಮೆರೆನ್ ಕೆಲಸ ಮಾಡುವ ಕ್ಷಣದಲ್ಲಿ. ಒಂದು ಕಮ್ಮಿ ಬಿದ್ದರೆ ಆ ನಡುವೆ ವಿಸೆರಾ ಸೀರ್‌ಗೆ ಒಂದು ಸಣ್ಣ ಕ್ರೀಚರ್ ಕೊಡಿ, ಲೆಕ್ಕ ಸರಿಹೋಗುತ್ತದೆ. ಈ ಒಂದು ವಿಷಯ ಗೊತ್ತಿದ್ದರೆ ಎಷ್ಟೋ ಆಟ ಕೈತಪ್ಪುವುದಿಲ್ಲ.

ಬೆನ್ನೆಲುಬು ಸಣ್ಣ ಕ್ರೀಚರ್‌ಗಳೇ. ಸಕುರಾ-ಟ್ರೈಬ್ ಎಲ್ಡರ್ ಸತ್ತು ಲ್ಯಾಂಡ್ ಕೊಡುತ್ತದೆ. ಸ್ಪೋರ್ ಫ್ರಾಗ್ ಸತ್ತು ಆ ಟರ್ನಿನ ಯುದ್ಧದ ಏಟನ್ನೆಲ್ಲ ತಡೆಯುತ್ತದೆ, ಒಂದೇ ಕೌಂಟರ್‌ಗೆ ಮರಳುತ್ತದೆ. ಮೂವರು ಎದುರಾಳಿಗಳಿದ್ದರೆ ಒಬ್ಬರ ಟರ್ನಿಗಷ್ಟೇ ಕಪ್ಪೆ ಸಾಕಾಗುವುದು, ಯಾರ ಏಟು ಜೋರು ನೋಡಿ ಬಳಸಿ. ಎಟರ್ನಲ್ ವಿಟ್ನೆಸ್ ಯಾವ ಕಾರ್ಡನ್ನಾದರೂ ಕೈಗೆ ತರುತ್ತದೆ. ದೊಡ್ಡವು ಆರು ಸಾಕು: ಗ್ರೇ ಮರ್ಚೆಂಟ್, ಟೆರಾಸ್ಟೊಡಾನ್, ಶಿಯೋಲ್ಡ್ರೆಡ್ ತರದವು. ರೀಅನಿಮೇಟ್ ಒಂದೇ ಮಾನಾಗೆ ಎಬ್ಬಿಸಿ, ಆ ಕ್ರೀಚರ್‌ನ ಮಾನಾ ಬೆಲೆಯಷ್ಟು ಲೈಫ್ ಕಳೆಯುತ್ತದೆ. ಕಮಾಂಡರ್‌ನಲ್ಲಿ 40 ಲೈಫ್ ಇರುವುದರಿಂದ ಪರವಾಗಿಲ್ಲ.

ಎದುರಾಳಿ ಸುಮ್ಮನಿರುವುದಿಲ್ಲ ಅಲ್ವಾ? ಬೊಜುಕಾ ಬಾಗ್ ಅನ್ನುವ ಒಂದು ಲ್ಯಾಂಡ್ ಸಾಕು, ನಿಮ್ಮ ಗ್ರೇವ್‌ಯಾರ್ಡ್ ಪೂರ್ತಿ ಎಕ್ಸೈಲ್, ಅಂದರೆ ಆಟದಿಂದಲೇ ಹೊರಗೆ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಹೂಳಬೇಡಿ, ಒಂದೆರಡು ಒಳ್ಳೆಯ ಕಾರ್ಡು ಕೈಯಲ್ಲೇ ಇರಲಿ. ರೆಸ್ಟ್ ಇನ್ ಪೀಸ್ ಬಂದರೆ ಇನ್ನೂ ಕಷ್ಟ, ಅದು ಇರುವವರೆಗೂ ಗ್ರೇವ್‌ಯಾರ್ಡ್‌ಗೆ ಏನೂ ಹೋಗುವುದಿಲ್ಲ. ಅದನ್ನು ಒಡೆಯಲು ಕ್ರೋಸನ್ ಗ್ರಿಪ್, ಅಸ್ಯಾಸಿನ್ಸ್ ಟ್ರೋಫಿ ಎರಡೂ ಇಡಿ.

ಕೊಳ್ಳುವಾಗ ಎಚ್ಚರ. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗುವ ದುಬಾರಿ ಕಾರ್ಡು ನಕಲಿ ಇರಬಹುದು. ಒಡವೆ ಅಂಗಡಿಯವರು ಕಣ್ಣಿಗೆ ಹಿಡಿಯುವಂಥ ಭೂತಗನ್ನಡಿಯಲ್ಲಿ ಕಾರ್ಡಿನ ಬೆನ್ನಿನ ಹಸಿರು ಚುಕ್ಕೆ ನೋಡಿ. ಅಸಲಿಯಲ್ಲಿ ನಾಲ್ಕು ಸಣ್ಣ ಕೆಂಪು ಚುಕ್ಕಿಗಳು ಇಂಗ್ಲಿಷಿನ ಎಲ್ ಆಕಾರದಲ್ಲಿ ಇರುತ್ತವೆ. ಫಾಯಿಲ್ (ಹೊಳೆಯುವ) ಕಾರ್ಡಿಗೆ ದುಡ್ಡು ಹಾಕಬೇಡಿ, ನಮ್ಮ ಮಳೆಗಾಲದ ತೇವಕ್ಕೆ ಬಾಗುತ್ತವೆ. ಬಾಗಿದ ಕಾರ್ಡು ಕಟ್ಟಿನಲ್ಲಿ ಗುರುತು ಸಿಗುತ್ತದೆ, ಜಗಳಕ್ಕೂ ಕಾರಣವಾಗುತ್ತದೆ. ತೀರಾ ತೆಳು ಸ್ಲೀವ್‌ಗಳೂ (ಕಾರ್ಡಿನ ಪ್ಲಾಸ್ಟಿಕ್ ಕವರ್) ಬೇಡ, ನಾಲ್ಕು ಸಲ ಕಲೆಸುವಷ್ಟರಲ್ಲಿ ಹರಿಯುತ್ತವೆ.

ಕೊಳ್ಳುವ ಮೊದಲೇ ಪರೀಕ್ಷೆ ಮಾಡಿ. ಚೀಟಿಯ ಮೇಲೆ ಹೆಸರು ಬರೆದು, ಸ್ಲೀವ್‌ನಲ್ಲಿ ಯಾವುದಾದರೂ ಲ್ಯಾಂಡ್ ಕಾರ್ಡಿನ ಮುಂದೆ ಸೇರಿಸಿ. ಮನೆಯಲ್ಲಿ ಒಬ್ಬರೇ ಕೂತು ಏಳು ಕಾರ್ಡು ಎಳೆದು ನಾಲ್ಕು ಟರ್ನ್ ಆಡಿ, ಹತ್ತು ಸಲ. ನಾಲ್ಕನೇ ಟರ್ನಿಗೆ ಗ್ರೇವ್‌ಯಾರ್ಡ್‌ನಲ್ಲಿ ಐದು ಕಾರ್ಡು, ಟೇಬಲ್ ಮೇಲೆ ಮೆರೆನ್ ಇರಬೇಕು. ಹತ್ತರಲ್ಲಿ ಏಳು ಸಲ ಹಾಗಾಗದಿದ್ದರೆ ದೊಡ್ಡ ಕ್ರೀಚರ್ ಒಂದು ತೆಗೆದು ಮಿಲ್ ಮಾಡುವ ಸಣ್ಣದೊಂದನ್ನು ಹಾಕಿ, ಮತ್ತೆ ಎಳೆಯಿರಿ.