ಮಗಳ ಊರಿನಲ್ಲೊಂದು ಬ್ಯಾಸ್ಕೆಟ್‌ಬಾಲ್ ಸಂಜೆ: ಹೋಗುವುದು ಹೇಗೆ?

ಬೆಳಗಾವಿಯಲ್ಲಿ ಈಗ ಓಣಿಗೊಬ್ಬರಾದರೂ ಅಮೆರಿಕಕ್ಕೆ ಹೋಗಿ ಬಂದವರು ಸಿಗುತ್ತಾರೆ. ಮಗಳ ಬಾಣಂತನ, ಮೊಮ್ಮಗನ ಹುಟ್ಟುಹಬ್ಬ, ಏನೋ ಒಂದು ನೆಪ. ಹೋಗುವಾಗ ಕುಂದಾ ಡಬ್ಬಿ, ಬರುವಾಗ ಬಾದಾಮಿ ಪೊಟ್ಟಣ. ತೋರಿಸುವ ಫೋಟೊಗಳೂ ಅವೇ: ಸೇತುವೆ, ಜಲಪಾತ, ದೇವಸ್ಥಾನ. ಸಂಜೆ ಹೊತ್ತು ಹೇಗೆ ಕಳೆದಿರಿ ಎಂದು ಕೇಳಿದರೆ ಮಾತ್ರ ಉತ್ತರ ಸಣ್ಣದು. ಮಕ್ಕಳು ಲ್ಯಾಪ್‌ಟಾಪ್ ಮುಂದೆ, ನಾವು ಟೀವಿ ಮುಂದೆ.

ಅಂಥ ಸಂಜೆಗಳಲ್ಲಿ ಒಂದನ್ನು ಅಲ್ಲಿನ ಊರ ತಂಡದ ಬ್ಯಾಸ್ಕೆಟ್‌ಬಾಲ್ ಮ್ಯಾಚಿಗೆ ಕೊಡಿ. ಆಟ ಗೊತ್ತಿರಬೇಕೆಂದಿಲ್ಲ. ನಮ್ಮ ಮಗಳು ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿದ್ದಾಳೆ. ಹತ್ತಿರದ ದೊಡ್ಡ ಊರು ಸ್ಯಾಕ್ರಮೆಂಟೊ, ಅಲ್ಲಿನ ತಂಡ ಕಿಂಗ್ಸ್. ಹಾಗಾಗಿ ನನ್ನ ಉದಾಹರಣೆಗಳೆಲ್ಲ ಅಲ್ಲಿಯವೇ. ನಿಮ್ಮ ಮಕ್ಕಳು ಡಲ್ಲಾಸ್‌ನಲ್ಲೋ ಶಿಕಾಗೋದಲ್ಲೋ ಇದ್ದರೂ ದಾರಿ ಹೆಚ್ಚುಕಡಿಮೆ ಇದೇ.

ವಿಮಾನದ ಟಿಕೆಟ್‌ಗೂ ಮೊದಲು

ನಮ್ಮವರು ಹೆಚ್ಚಾಗಿ ಮೇ ತಿಂಗಳಲ್ಲಿ ಹೊರಡುತ್ತಾರೆ. ಎನ್‌ಬಿಎ, ಅಂದರೆ ಅಲ್ಲಿನ ಗಂಡಸರ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್, ಅದರ ಆಟ ಶುರುವಾಗುವುದು ಅಕ್ಟೋಬರ್ ಕೊನೆಯ ಹೊತ್ತಿಗೆ, ಮುಗಿಯುವುದು ಏಪ್ರಿಲ್ ಮಧ್ಯಕ್ಕೆ. ಅದಾದ ಮೇಲೆ ಕಪ್‌ಗಾಗಿ ಪ್ಲೇಆಫ್ ಸುತ್ತು, ಅದು ಲೀಗ್‌ನಲ್ಲಿ ಮುಂದಿರುವ ತಂಡಗಳಿಗಷ್ಟೇ. ಅಂದರೆ ಮೇನಲ್ಲಿ ಹೋಗಿ ಸೆಪ್ಟೆಂಬರ್‌ಗೆ ಬಂದವರಿಗೆ ಮ್ಯಾಚ್ ಸಿಗುವುದು ಕಷ್ಟ.

ಹಾಗಂತ ಬೇಸಿಗೆಗೆ ಹೋದವರು ಬೇಸರ ಮಾಡಿಕೊಳ್ಳಬೇಕಿಲ್ಲ. ಮಹಿಳೆಯರ ಲೀಗ್ ಡಬ್ಲ್ಯೂಎನ್‌ಬಿಎ ನಡೆಯುವುದೇ ಆಗ. ಸ್ಯಾನ್ ಫ್ರಾನ್ಸಿಸ್ಕೊದ ಚೇಸ್ ಸೆಂಟರ್‌ನಲ್ಲಿ 2025ರಿಂದ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ಎಂಬ ಹೊಸ ತಂಡ ಆಡುತ್ತಿದೆ. ಮೊದಲ ವರ್ಷವೇ ಪ್ಲೇಆಫ್‌ಗೆ ಹೋದ ಹುಡುಗಿಯರು. ಮೊಮ್ಮಗಳನ್ನು ಕರೆದುಕೊಂಡು ಹೋಗುವುದಾದರೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಯಾವ ಮ್ಯಾಚು?

ಒಂದು ಎನ್‌ಬಿಎ ತಂಡಕ್ಕೆ ಲೀಗ್‌ನಲ್ಲಿ 82 ಆಟ. ಅದರಲ್ಲಿ ಅರ್ಧ, 41, ತನ್ನ ಊರಿನಲ್ಲಿ. ವೇಳಾಪಟ್ಟಿ ಆಗಸ್ಟ್‌ನಲ್ಲೇ ಬರುತ್ತದೆ. ಪಟ್ಟಿ ನೋಡಿದ ಕೂಡಲೇ ಅಳಿಯಂದಿರು ಲಾಸ್ ಏಂಜಲೀಸ್‌ನ ಹೆಸರಾಂತ ತಂಡ ಲೇಕರ್ಸ್ ಬರುವ ದಿನಕ್ಕೆ ಬೆರಳಿಡುತ್ತಾರೆ. ಬೇಡ ಅನ್ನಿ. ಎದುರಾಳಿ ಯಾರು, ವಾರ ಯಾವುದು ಎಂಬುದರ ಮೇಲೆ ದರ ಏರಿಳಿಯುತ್ತದೆ. ದೊಡ್ಡ ತಂಡ, ಶನಿವಾರ ರಾತ್ರಿ ಎಂದರೆ ಕೈ ಸುಡುತ್ತದೆ. ಅದೇ ಆಸನ ಸಾಧಾರಣ ತಂಡ ಬಂದ ಮಂಗಳವಾರ ಎಷ್ಟೋ ಅಗ್ಗ. ನಮಗೆ ಬೇಕಾದದ್ದು ಊರ ಜನ ತಮ್ಮ ತಂಡಕ್ಕಾಗಿ ಕೂಗುವುದನ್ನು ನೋಡುವುದು ಅಲ್ವಾ? ಅದು ಮಂಗಳವಾರವೂ ಇರುತ್ತದೆ.

ಇನ್ನೊಂದು ಒಳಗುಟ್ಟು. ತಂಡ ನಿನ್ನೆ ರಾತ್ರಿ ಒಂದು ಊರಲ್ಲಿ ಆಡಿ ಇವತ್ತು ಇನ್ನೊಂದು ಊರಲ್ಲಿ ಆಡುವುದುಂಟು. ಅಂಥ ಎರಡನೆಯ ದಿನ ದೊಡ್ಡ ಆಟಗಾರರಿಗೆ ಕೆಲವೊಮ್ಮೆ ವಿಶ್ರಾಂತಿ ಕೊಟ್ಟುಬಿಡುತ್ತಾರೆ. ಒಬ್ಬ ಆಟಗಾರನನ್ನೇ ನೋಡಲು ಹೋಗುವವರು ಇದನ್ನು ನೋಡಿಕೊಂಡೇ ದಿನ ಆರಿಸಬೇಕು.

ಟಿಕೆಟ್

ಕಾಗದದ ಟಿಕೆಟ್ ಮರೆತುಬಿಡಿ. "ಅಪ್ಪಾ, ಟಿಕೆಟ್ ಫೋನ್‌ನ್ಯಾಗ ಐತಿ" ಎಂದು ಮಗಳು ಹೇಳಿದಾಗ ನನಗೆ ಧೈರ್ಯ ಬರಲಿಲ್ಲ. ಒಂದು ಪ್ರಿಂಟ್ ತೆಗೆ ಎಂದೆ. ಅದು ನಡೆಯುವುದಿಲ್ಲವಂತೆ. ಆ್ಯಪ್‌ನಲ್ಲಿರುವ ಬಾರ್‌ಕೋಡ್ ಆಗಾಗ ಬದಲಾಗುತ್ತಿರುತ್ತದೆ, ಸ್ಕ್ರೀನ್‌ಶಾಟ್ ಕೂಡ ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ. ಎಲ್ಲರ ಟಿಕೆಟ್ ಒಬ್ಬರ ಫೋನಿನಲ್ಲಿರಲಿ. ಆ ಫೋನ್ ಪೂರ್ತಿ ಚಾರ್ಜ್ ಆಗಿರಲಿ. ಒಳಗೆ ಹೋಗುವಾಗ ಎಲ್ಲರೂ ಒಟ್ಟಿಗೇ ಹೋಗಿ.

ತಂಡದ ಆ್ಯಪ್‌ನಲ್ಲಿ ಒಂದು ದರ, ಮರುಮಾರಾಟದ ಆ್ಯಪ್‌ಗಳಲ್ಲಿ ಇನ್ನೊಂದು ದರ ಇರುತ್ತದೆ. ಎರಡನ್ನೂ ನೋಡಿ. ಮೊದಲೆಲ್ಲ ಕಡೆಯ ಪುಟಕ್ಕೆ ಬಂದಾಗ ಶುಲ್ಕ ಸೇರಿ ದರ ಜಿಗಿಯುತ್ತಿತ್ತು. 2025ರ ಮೇ ತಿಂಗಳಿಂದ ಶುಲ್ಕ ಸೇರಿದ ಒಟ್ಟು ದರವನ್ನು ಮೊದಲೇ ತೋರಿಸಬೇಕೆಂಬ ನಿಯಮ ಇಡೀ ಅಮೆರಿಕಕ್ಕೆ ಬಂದಿದೆ. ಡಾಲರನ್ನು ರೂಪಾಯಿಗೆ ಲೆಕ್ಕ ಹಾಕುತ್ತ ಕೂರಬೇಡಿ. ನಾನು ಹಾಕಿದೆ, ಮನೆಯಾಕೆ ಎರಡು ದಿನ ಮಾತಾಡಲಿಲ್ಲ.

ಆಸನ ಎಲ್ಲಿ? ಕೆಳಗಿನ ಸಾಲು ಎಂದರೆ ಆಟಗಾರರ ಬೆವರು ಕಾಣುತ್ತದೆ, ಆಟ ಕಾಣುವುದಿಲ್ಲ. ಹತ್ತು ಜನ ಎತ್ತರದವರು ಒಬ್ಬರಿಗೊಬ್ಬರು ಅಡ್ಡ ಬರುತ್ತಾರೆ. ಮೇಲಿನ ಹಂತದಲ್ಲಿ, ಮೈದಾನದ ನಡುಗೆರೆಗೆ ನೇರವಾಗಿ ಕೂತರೆ ಚದುರಂಗದ ಮಣೆಯ ಹಾಗೆ ಎಲ್ಲ ತೆರೆದುಕೊಳ್ಳುತ್ತದೆ, ದುಡ್ಡೂ ಕಡಿಮೆ. ಒಂದೇ ತೊಂದರೆ, ಅಲ್ಲಿನ ಮೆಟ್ಟಿಲು ಕಡಿದು. ಮೊಣಕಾಲು ನೋವಿದ್ದರೆ ಆ ಹಂತದ ಮೊದಲ ಸಾಲುಗಳಲ್ಲಿ, ದಾರಿ ಪಕ್ಕದ ಆಸನ ತೆಗೆಸಿ.

ಹೊರಡುವ ದಿನ

ಕಿಂಗ್ಸ್ ಆಡುವುದು ಗೋಲ್ಡನ್ 1 ಸೆಂಟರ್‌ನಲ್ಲಿ. 2016ರಲ್ಲಿ ಶುರುವಾದ ಈ ಒಳಾಂಗಣ ಕ್ರೀಡಾಂಗಣ ಊರ ನಡುವೆಯೇ ಇದೆ. ಹದಿನೇಳು ಸಾವಿರಕ್ಕೂ ಮೇಲೆ ಜನ ಹಿಡಿಯುತ್ತದೆ. ಫೋಲ್ಸಮ್‌ನಿಂದ ಗೋಲ್ಡ್ ಲೈನ್ ಎಂಬ ಲೈಟ್ ರೈಲು ಹತ್ತಿದರೆ ಸುಮಾರು ಒಂದು ತಾಸು. ಇಳಿದು ಸ್ವಲ್ಪ ನಡೆದರೆ ಬಾಗಿಲು. ಪಾರ್ಕಿಂಗ್ ತಲೆನೋವು ತಪ್ಪುತ್ತದೆ. ಆದರೆ ವಾಪಸ್ ಬರುವ ಕೊನೆಯ ರೈಲು ಎಷ್ಟಕ್ಕೆ ಎಂಬುದನ್ನು ಹೋಗುವಾಗಲೇ ನೋಡಿಕೊಳ್ಳಿ. ಮ್ಯಾಚ್ ಮುಗಿಯುವುದು ರಾತ್ರಿ ಒಂಬತ್ತೂವರೆ ಹೊತ್ತಿಗೆ.

ಸ್ಯಾನ್ ಹೋಸೆ, ಓಕ್ಲಂಡ್ ಕಡೆ ಇರುವವರಿಗೆ ಕ್ಯಾಪಿಟಲ್ ಕಾರಿಡಾರ್ ರೈಲಿದೆ. ಸ್ಯಾಕ್ರಮೆಂಟೊ ನಿಲ್ದಾಣದಿಂದ ನಡೆದೇ ಹೋಗಬಹುದು. ಡಿಸೆಂಬರ್, ಜನವರಿಯಲ್ಲಿ ಸ್ಯಾಕ್ರಮೆಂಟೊ ಸುತ್ತಲಿನ ಕಣಿವೆಯಲ್ಲಿ ದಟ್ಟ ಮಂಜು ಇಳಿಯುತ್ತದೆ, ಕಾರು ಓಡಿಸುವವರಿಗೆ ಎದುರಿನದು ಕಾಣುವುದಿಲ್ಲ. ಸ್ವೆಟರ್ ಸಾಲದು, ಕಿವಿಗೂ ಏನಾದರೂ ಇರಲಿ.

ಚೀಲ ಒಯ್ಯಬೇಡಿ. ಇದನ್ನು ಎರಡು ಸಲ ಹೇಳುತ್ತೇನೆ, ಚೀಲ ಒಯ್ಯಬೇಡಿ. ಒಂದೊಂದು ಕ್ರೀಡಾಂಗಣದ ಅಳತೆ ಒಂದೊಂದು, ಬೆನ್ನಿಗೆ ಹಾಕುವ ಚೀಲಕ್ಕೆ ಬಹಳ ಕಡೆ ಪ್ರವೇಶವೇ ಇಲ್ಲ. ಹೊರಗಿನ ತಿಂಡಿಯೂ ಬೇಡ. ನಾನು ಸುಮ್ನೆ ಇರಲಿ ಎಂದು ಚಕ್ಕಲಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿದ್ದೆ. ನಿಯಮ ಓದದಿದ್ದ ತಪ್ಪು ನನ್ನದೇ. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ನಾಲ್ಕು ಜನ ಹನ್ನೆರಡು ಹೋಳಿಗೆ ಮುಗಿಸಿದೆವು. ನೀವು ಐದು ಗಂಟೆಗೇ ಮನೆಯಲ್ಲಿ ರೊಟ್ಟಿ ಊಟ ಮುಗಿಸಿ ಹೊರಡಿ. ಒಳಗೆ ಸಸ್ಯಾಹಾರ ಸಿಗುತ್ತದೆ, ಬೆಲೆ ಮಾತ್ರ ಜಾಸ್ತಿ.

ಒಂದು ತಾಸು ಮೊದಲೇ ಒಳಗಿರಿ. ಆಟಗಾರರು ಅಭ್ಯಾಸ ಮಾಡುವುದು ಆಗ. ಏಳಡಿ ಆಳು ಒಂದೇ ಜಾಗದಿಂದ ಚೆಂಡು ಎಸೆಯುತ್ತಲೇ ಇರುತ್ತಾನೆ, ಬುಟ್ಟಿಯ ಬಲೆ ಸರಕ್ ಎನ್ನುತ್ತಲೇ ಇರುತ್ತದೆ. ನನಗೆ ಮ್ಯಾಚಿಗಿಂತ ಇದೇ ಹೆಚ್ಚು ಹಿಡಿಸಿತು. ನಮ್ಮ ಬೆಳಗಾವಿಯ ಆನಂದವಾಡಿಯಲ್ಲಿ ಕುಸ್ತಿಗೆ ಮೊದಲು ಪೈಲ್ವಾನರು ಮೈ ಬಿಸಿ ಮಾಡಿಕೊಳ್ಳುವುದನ್ನು ನಿಂತು ನೋಡಿದವರಿಗೆ ಈ ರುಚಿ ಗೊತ್ತು.

ಆಟ ತಿಳಿಯಲು ಇಷ್ಟು ಸಾಕು

ತಲಾ ಐದು ಜನ. ಹನ್ನೆರಡು ನಿಮಿಷದ ನಾಲ್ಕು ಭಾಗ, ಮಹಿಳೆಯರಿಗೆ ಹತ್ತು ನಿಮಿಷದ್ದು. ಬುಟ್ಟಿ 10 ಅಡಿ ಎತ್ತರ. ಬಿಲ್ಲಿನಾಕಾರದ ಗೆರೆಯೊಳಗಿಂದ ಹಾಕಿದರೆ ಎರಡು ಅಂಕ, ಹೊರಗಿಂದ ಮೂರು, ಫೌಲ್ ಆಗಿ ನಿಂತು ಎಸೆದರೆ ಒಂದು. ಆರು ಫೌಲ್ ಮಾಡಿದವನು ಮನೆಗೆ.

ಬುಟ್ಟಿಯ ಮೇಲೊಂದು ಗಡಿಯಾರ ಹಿಮ್ಮುಖವಾಗಿ ಓಡುತ್ತಿರುತ್ತದೆ. ಕಣ್ಣು ಅದರ ಮೇಲಿರಲಿ. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು. ಇದಕ್ಕೊಂದು ಕಥೆಯಿದೆ. ಮುಂದಿದ್ದ ತಂಡ ಹಿಂದೆಲ್ಲ ಚೆಂಡನ್ನು ತನ್ನವರ ನಡುವೆಯೇ ತಿರುಗಿಸಿ ಹೊತ್ತು ಕಳೆಯುತ್ತಿತ್ತು. 1950ರಲ್ಲಿ ಫೋರ್ಟ್ ವೇಯ್ನ್ ತಂಡ ಆಗ ಮಿನಿಯಾಪೊಲಿಸ್‌ನಲ್ಲಿದ್ದ ಲೇಕರ್ಸ್ ತಂಡವನ್ನು ಸೋಲಿಸಿದ್ದು 19-18ರಿಂದ, ಇಡೀ ಮ್ಯಾಚಿನ ಅಂಕ ಅಷ್ಟೇ! ನೋಡುವವರು ಆಕಳಿಸತೊಡಗಿದರು. ಚೆನ್ನಾಗಿ ಆಡಿದ ಒಂದು ಮ್ಯಾಚಿನಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಎಸೆಯುತ್ತಾರೆ, ಆಟದ ಹೊತ್ತು 2,880 ಸೆಕೆಂಡು, ಭಾಗಿಸಿ ಎಂದರು. ಬಂತು 24. ಗಡಿಯಾರ ಬಂದದ್ದು 1954ರಲ್ಲಿ. ನಿಕಾಲಿ ಕುಸ್ತಿಯಲ್ಲಿ ಗೆಲುವಿಗಾಗಿ ಎಷ್ಟು ಹೊತ್ತಾದರೂ ಕಾಯುವವರು ನಾವು. ಇಲ್ಲಿ ಅರ್ಧ ನಿಮಿಷಕ್ಕೊಂದು ತೀರ್ಪು.

48 ನಿಮಿಷದ ಆಟಕ್ಕೆ ಎರಡೂಕಾಲು ತಾಸು ಹಿಡಿಯುತ್ತದೆ. ನಡುನಡುವೆ ವಿರಾಮ, ಕುಣಿತ, ಟಿ-ಶರ್ಟ್ ಎಸೆತ. ಅರ್ಧ ಆಟದ ನಂತರ 15 ನಿಮಿಷ ಬಿಡುವು. ಶೌಚಾಲಯದ ಸಾಲು ಆಗ ರೈಲಿನಷ್ಟು ಉದ್ದ, ಒಂದು ನಿಮಿಷ ಮೊದಲೇ ಎದ್ದುಬಿಡಿ. ಶುರುವಿಗೆ ರಾಷ್ಟ್ರಗೀತೆ ಹಾಡುವಾಗ ಎಲ್ಲರೊಂದಿಗೆ ಎದ್ದು ನಿಲ್ಲಿ, ಟೋಪಿ ತೆಗೆಯಿರಿ.

ಇವರು ಯಾಕಿಷ್ಟು ಕೂಗುತ್ತಾರೆ?

ಕಿಂಗ್ಸ್ ಈ ಊರಿಗೆ ಬಂದದ್ದು 1985ರಲ್ಲಿ. 2013ರಲ್ಲಿ ತಂಡವನ್ನು ಸಿಯಾಟಲ್‌ಗೆ ಒಯ್ಯುವುದು ಇನ್ನೇನು ಆಗಿಯೇ ಹೋಯಿತು ಎನ್ನುವಷ್ಟಾಗಿತ್ತು. ಊರವರು ಪಟ್ಟು ಹಿಡಿದರು. ಕೊನೆಗೆ ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಅವರ ಗುಂಪು ಕೊಂಡುಕೊಂಡಿತು, ತಂಡ ಉಳಿಯಿತು. ಭಾರತದಲ್ಲಿ ಮೊದಲ ಎನ್‌ಬಿಎ ಮ್ಯಾಚು ನಡೆದದ್ದೂ ಇದೇ ತಂಡದ್ದು. 2019ರ ಅಕ್ಟೋಬರ್ 4 ಮತ್ತು 5ರಂದು ಮುಂಬೈಯ ವರ್ಳಿಯಲ್ಲಿ, ಇಂಡಿಯಾನಾ ಪೇಸರ್ಸ್ ಎದುರು. ಬೆಳಗಾವಿಯಿಂದ ರಾತ್ರಿ ಬಸ್ಸಿನ ದಾರಿ. ನಾವ್ಯಾರೂ ಹೋಗಲಿಲ್ಲ ನೋಡಿ.

16 ಸೀಸನ್ ಪ್ಲೇಆಫ್ ಕಾಣದೆ ಕಳೆದು, 2023ರಲ್ಲಿ ಕೊನೆಗೂ ಒಳಹೊಕ್ಕಿತು ಈ ತಂಡ. ಆ ಸೀಸನ್ನಿಂದ ಗೆದ್ದ ಪ್ರತಿ ರಾತ್ರಿ ಛಾವಣಿಯಿಂದ ಆಕಾಶಕ್ಕೆ ನೇರಳೆ ಬಣ್ಣದ ಲೇಸರ್ ಬೆಳಕು ಬಿಡುತ್ತಾರೆ. "ಲೈಟ್ ದ ಬೀಮ್" ಎಂದು ಜನ ಕೂಗುವುದು ಅದಕ್ಕೇ. ಬಾಯಿ ಬಿಟ್ಟು ನೀವೂ ಕೂಗಿ, ಇಲ್ಲಿಯವರ್ಯಾರೂ ನೋಡುವುದಿಲ್ಲ. ಚಳಿಗಾಲದಲ್ಲಿ ಅಲ್ಲಿನ ಸಂಜೆ ಏಳು ಎಂದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ ಎಂಟೂವರೆ. ಟಿಳಕವಾಡಿಯಲ್ಲಿ ತಮ್ಮ ಅವಲಕ್ಕಿ ತಿನ್ನುತ್ತಿದ್ದ, ನಾನು ವಿಡಿಯೊ ಕಾಲ್‌ನಲ್ಲಿ ಮೈದಾನ ತೋರಿಸಿದೆ. "ಆ ಕಿರುಚಾಟ ಕಡಿಮಿ ಮಾಡಸೋ ಅಣ್ಣಾ" ಎಂದ.

ನಾವು ಹೋದ ದಿನ ಕಿಂಗ್ಸ್ ಸೋತರು. ಬೆಳಕೂ ಇಲ್ಲ, ಏನೂ ಇಲ್ಲ. ಜನ ಸುಮ್ಮನೆ ಕೋಟು ಹಾಕಿಕೊಂಡು ಮೆಟ್ಟಿಲಿಳಿದರು. ಹೊರಗೆ ಬಂದ ಮನೆಯಾಕೆ ಛಾವಣಿ ಕಡೆ ಒಂದು ಸಲ ನೋಡಿ, "ದೀಪಾ ಹಚ್ಚಲೇ ಇಲ್ಲಲ್ಲರೀ" ಎಂದಳು. ರೈಲು ಹತ್ತುವುದರೊಳಗೆ ಮಗಳ ಫೋನು ಇಸಿದುಕೊಂಡು ಮುಂದಿನ ಮಂಗಳವಾರದ ದರ ನೋಡುತ್ತಿದ್ದಳು.