ಮೊದಲು ಆಟ, ಆಮೇಲೆ ಮಾತು

ವಿಡಿಯೊ ಗೇಮ್ ಆಡಿ ಯೂಟ್ಯೂಬಿನಂಥ ಕಡೆ ಹಾಕುವಾಗ, ಆಡುತ್ತಲೇ ಮಾತಾಡದಿದ್ದರೆ ಯಾರೂ ನೋಡೋದಿಲ್ಲ ಅಂತ ಜೊತೆಯವರೆಲ್ಲ ಹೇಳಿದ್ದರು. ಮೊದಲು ಆಡಿ, ಕತ್ತರಿಸಿ, ಆಮೇಲೆ ಕಾಮೆಂಟರಿ ಕೂರಿಸಿದ ನನ್ನ ಸರಣಿ ಈಗ 30 ಕಂತು ದಾಟಿದೆ. ನೋಡಲು ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೊನೆಯವರೆಗೆ ಇರುತ್ತಾರೆ.

ಈ ಪದ್ಧತಿ ನನ್ನದಲ್ಲ. 'ಲೆಟ್ಸ್ ಪ್ಲೇ', ಅಂದರೆ ತಾನು ಆಡಿದ ಆಟವನ್ನು ವಿವರಿಸುತ್ತಾ ಇತರರಿಗೆ ತೋರಿಸೋದು, ಬೆಳೆದದ್ದು ಸಮ್‌ಥಿಂಗ್ ಆಫುಲ್ ಅನ್ನೋ ಅಮೆರಿಕದ ಹಾಸ್ಯ ತಾಣದ ಚರ್ಚಾ ಫೋರಂನಲ್ಲಿ, 2000ರ ದಶಕದ ನಡುವೆ, ಅದೂ ವಿಡಿಯೊ ಇಲ್ಲದೆ. ಸ್ಕ್ರೀನ್‌ಶಾಟ್ ಹಾಕಿ, ಕೆಳಗೆ ನಾಲ್ಕು ಸಾಲು ಬರೆದು, ಮುಂದೇನು ಮಾಡಲಿ ಅಂತ ಓದುವವರನ್ನೇ ಕೇಳೋದು. 2007ರಲ್ಲಿ ಸ್ಲೋಬೀಫ್ ಅನ್ನೋ ಸದಸ್ಯರು 'ದಿ ಇಮ್ಮಾರ್ಟಲ್' ಆಟವನ್ನು ವಿಡಿಯೊ ಮಾಡಿ ಮಾತು ಸೇರಿಸಿದರು. ದುಡ್ಡು ಕೊಟ್ಟು ಸದಸ್ಯರಾಗಬೇಕಿದ್ದ ಜಾಗ ಅದು. ಬೇಸರ ತರಿಸಿದರೆ ಅದೇ ಥ್ರೆಡ್‌ನಲ್ಲಿ ಮುಖಕ್ಕೆ ಹೇಳುತ್ತಿದ್ದರು. ಜೊಳ್ಳನ್ನು ತೂರಿಬಿಡುವ ಶಿಸ್ತು ಹುಟ್ಟಿದ್ದು ಆ ಅಂಜಿಕೆಯಿಂದಲೇ ಅಂತ ನನ್ನ ನಂಬಿಕೆ. 2011ರಲ್ಲಿ ಆಟವನ್ನು ನೇರಪ್ರಸಾರ ಮಾಡುವ ತಾಣ ಟ್ವಿಚ್ ಬಂದಮೇಲೆ ಗಂಟೆಗಟ್ಟಲೆ ನೇರ ಮಾತು ರೂಢಿಯಾಯಿತು.

ನಾನೂ ಹಾಗೇ ಶುರುಮಾಡಿದ್ದೆ. ಸುಮಾರು 40 ವಿಡಿಯೊ, ಒಂದೊಂದಕ್ಕೆ ಹತ್ತಿಪ್ಪತ್ತು ವ್ಯೂಸ್. ತಪ್ಪು ಮೈಕ್‌ನದು ಅಂದುಕೊಂಡು ಎರಡು ತಿಂಗಳ ಉಳಿತಾಯ ಸುರಿದು ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ತಂದೆ. ಅದು ಕೀಬೋರ್ಡಿನ ಟಕಟಕ, ಫ್ಯಾನಿನ ಗುಂಯ್‌ಗುಡುವಿಕೆ ಎಲ್ಲವನ್ನೂ ಹಿಡಿಯಿತು. ಅರ್ಧ ಬೆಲೆಗೆ ಮಾರಿದೆ. ಹತ್ತಿರದ ದನಿಯನ್ನಷ್ಟೇ ಹೆಚ್ಚಾಗಿ ಹಿಡಿಯುವ ಈಗಿನ ಡೈನಮಿಕ್ ಮೈಕ್‌ಗೆ ಅದರ ಕಾಲುಭಾಗವೂ ಆಗಲಿಲ್ಲ.

ಕಣ್ಣು ತೆರೆಸಿದ್ದು ಆಟದೊಳಗಿನ ಒಂದು ಬೀಗ ಹಾಕಿದ ಬಾಗಿಲು. ಅದರ ಮುಂದೆ 25 ನಿಮಿಷ ಸುತ್ತಿದ್ದೆ. ರೆಕಾರ್ಡಿಂಗ್ ಕೇಳಿದರೆ 'ಕೀ ಎಲ್ಲಿದೆ' ಅಂತ ಮೂವತ್ತು ಸಲವಾದರೂ ಅಂದಿದ್ದೇನೆ. ಅದನ್ನು 40 ಸೆಕೆಂಡಿಗೆ ಇಳಿಸಿದೆ. ಒಲೆಯ ಬೂದಿಯಲ್ಲಿ ಮಿನುಗುವ ಚುಕ್ಕೆಯನ್ನು, ಅಂದರೆ ಆ ಕೀಯನ್ನು, ಮೊದಲು ತೋರಿಸಿದೆ. ಅದರ ಪಕ್ಕದಲ್ಲೇ ನಾನು ಮೂರು ಸಲ ಹಾದುಹೋದದ್ದನ್ನು ಒಂದರ ಹಿಂದೊಂದು ಜೋಡಿಸಿದೆ. ಅಲ್ಲಿ ದೀಪ ಬಾಗಿಲ ಕಡೆಗೇ ಕಣ್ಣು ಸೆಳೆಯುವಂತಿದೆ, ಅದಕ್ಕೇ ಒಲೆ ಕಾಣೋದಿಲ್ಲ ಅಂತ ಹೇಳಿದೆ. ಆ ಕಂತಿಗೆ ಬಂದ ಮಾತೆಲ್ಲ ಬೂದಿಯದ್ದೇ.

ಈಗ ಮೂರು ಗಂಟೆಯ ಆಟ 20 ನಿಮಿಷಕ್ಕೆ ಇಳಿಯುತ್ತದೆ. ವೇರಿಯಬಲ್ ಫ್ರೇಮ್ ರೇಟ್‌ನಲ್ಲಿ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು ಏರಿಳಿಯುವ ರೀತಿ) ರೆಕಾರ್ಡ್ ಮಾಡಿ ಐದು ಕಂತು ಕಳೆದುಕೊಂಡೆ; ಕೊನೆಗೆ ಬರುವಷ್ಟರಲ್ಲಿ ದನಿ ಒಂದು ಕಡೆ, ಚಿತ್ರ ಒಂದು ಕಡೆ. ಏರಿಳಿಯದ ಕಾನ್‌ಸ್ಟಂಟ್ ಫ್ರೇಮ್ ರೇಟ್‌ಗೆ ಬದಲಿಸಿಯೇ ಎಡಿಟಿಂಗ್‌ಗೆ ಕೂರಿ. ಪೂರ್ತಿ ಬರೆದುಕೊಂಡು ಓದಿದರೆ ಪಾಠದಂತೆ ಕೇಳುತ್ತದೆ. ನನ್ನ ಮುಂದೆ ಇರೋದು ಆರೇಳು ಪದದ ಚೀಟಿ. ಆ ಪದಗಳನ್ನು ಹೇಗೆ ಆರಿಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಒಂದು ಕಂತನ್ನು ಹಳೇ ಫೋರಂ ರೀತಿಯಲ್ಲೇ ಮಾಡಿದೆ: ಬರೀ ಸ್ಕ್ರೀನ್‌ಶಾಟ್, ಬರಹ, ಮತ. ಹನ್ನೊಂದೋ ಹನ್ನೆರಡೋ ಜನ ಮತ ಹಾಕಿದರು, ಪಾತ್ರಗಳಿಗೆ ಅವರದ್ದೇ ಹೆಸರಿಟ್ಟೆ. ಸೇತುವೆ ದಾಟುವಾಗ ಒಬ್ಬರ ಪಾತ್ರ ಸತ್ತಿತು. ಮರುದಿನವೇ ಅವರು, ಇನ್ನೊಂದಕ್ಕೂ ನನ್ನ ಹೆಸರನ್ನೇ ಇಡಿ ಅಂದರು. ಮುಂದಿನ ಕಂತಿನಲ್ಲಿ ಬಿಲ್ಲು ಹಿಡಿದು ಬರುವವರು ಅವರೇ.